ಕಿಟಕಿ ಪಕ್ಕದ ಕಾಫಿ ಸಾಲು

ಶನಿವಾರ ಕಾಲೇಜು ಅರ್ಧ ದಿನ. ಆದರೂ ನನ್ನ ಗಂಡ ಸಕಲೇಶಪುರದಿಂದ ಆನೇಮಹಲಿಗೆ ಬಂದಿಳಿದಾಗ ದೀಪ ಹಚ್ಚುವ ಹೊತ್ತು. ಅವರು ಆ ಕಾಲೇಜಿನ ಲೈಬ್ರರಿಯನ್.

“ಹಿರೀ ಹೆಂಡ್ತಿ ಬಿಟ್ಕೊಟ್ಲಾ ಇವತ್ತು?” ಎಂದೆ. ಲೈಬ್ರರಿಗೆ ನಾನಿಟ್ಟ ಹೆಸರು ಅದು. ತಮಾಷೆಗೆ ಶುರುವಾದದ್ದು, ಬರಬರುತ್ತಾ ತಮಾಷೆಯಾಗಿ ಉಳಿದಿರಲಿಲ್ಲ.

ಅವರು ಕೈಕಾಲೂ ತೊಳೆಯದೆ ಅಡುಗೆಮನೆ ಬಾಗಿಲಲ್ಲೇ ಶುರುಮಾಡಿದರು. ಕಾಲೇಜಿಗೆ ಇನ್ನೂ ಕಂಪ್ಯೂಟರ್ ಬಂದಿರಲಿಲ್ಲ. ಪುಸ್ತಕಕ್ಕೆ ವಿಷಯ ನೋಡಿ ನಂಬರು, ನಂಬರು ನೋಡಿ ಜಾಗ. ಹಾಗಾಗಿ ಕಾಫಿ ಬೆಳೆಯುವ ಪುಸ್ತಕ ಬೇಸಾಯದಲ್ಲಿ, ಹುರಿದು ಪುಡಿ ಮಾಡುವುದು ಕೈಗಾರಿಕೆಯಲ್ಲಿ, ಮಾರುವುದು ಅರ್ಥಶಾಸ್ತ್ರದಲ್ಲಿ.

“ಹಾನುಬಾಳಿನ ಹುಡುಗ್ರು ಬಂದು ಸಾರ್ ಕಾಫಿ ಬುಕ್ಕು ಅಂದ್ರೆ ಲೈಬ್ರರಿ ಪೂರ್ತಿ ಸುತ್ತಿಸ್ಬೇಕು ಕಣೇ. ಎಲ್ಲಾ ತಂದು ಕಿಟಕಿ ಪಕ್ಕ ಒಂದೇ ಸಾಲಲ್ಲಿ ನಿಲ್ಸಿಬುಟ್ಟೆ. ಸಸಿಯಿಂದ ಶುರು, ಲೋಟಕ್ಕೆ ಮುಗೀತು.”

“ನಮ್ಮನೆ ಕಾಫಿಪುಡಿ ಡಬ್ಬಿ ಎಲ್ಲೈತೆ ಹೇಳಿ ನೋಡಣ.”

ಧೈರ್ಯವಾಗಿ ಒಂದು ಡಬ್ಬಿ ತೆಗೆದರು. ಖಾರದಪುಡಿ. ಇಬ್ಬರೂ ನಕ್ಕೆವು.

“ಹಳೇ ಜಾಗಗಳಲ್ಲಿ ಮರದ ತುಂಡು ಇಡೋದೊಂದು ಬಾಕಿ. ಸೋಮವಾರ ಮಾಡ್ತೀನಿ. ನೀನೂ ಬಾ, ತೋರಿಸ್ತೀನಿ.”

“ಸವತಿ ಮನೆಗೆ ಯಾರ್ ಬರ್ತಾರೆ?” ಎಂದೆ. ಆದರೂ ಸೋಮವಾರಕ್ಕೆಂದು ಸೀರೆ ತೆಗೆದಿಟ್ಟೆ.

ಭಾನುವಾರ ಬೆಳಿಗ್ಗೆ ಎದೆ ಹಿಡಿದು ಕೂತರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ತಿಥಿ ಕಳೆದ ಮೇಲೆ, ಅವರು ಅಲ್ಲೇ ಬಿಟ್ಟಿದ್ದ ಛತ್ರಿ, ಸ್ವೆಟರ್ ತರಲು ಹೋದೆ. ಲೈಬ್ರರಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಕಿಟಕಿ ಪಕ್ಕದ ಸಾಲಿನಲ್ಲಿ ಹಳೆಯ ದಿನಪತ್ರಿಕೆಗಳಿದ್ದವು.

“ನಮ್ಮನೆಯವ್ರು ಇಲ್ಲಿ ಜೋಡ್ಸಿದ್ದ ಕಾಫಿ ಪುಸ್ತಕ ಎಲ್ಲಮ್ಮ?” ಎಂದು ಹೊಸದಾಗಿ ಬಂದಿದ್ದ ಲೈಬ್ರರಿಯನ್ ಹೆಂಗಸನ್ನು ಕೇಳಿದೆ.

ಆಕೆ ಪೆಚ್ಚಾದಳು. “ಅಯ್ಯೋ, ಅದು ಸರ್ ಮಾಡಿದ್ದಾ? ಪುಸ್ತಕ ಬೇರೆ ಕಡೆ ಇಟ್ರೆ ಅದರ ಜಾಗದಲ್ಲಿ ಮರದ ತುಂಡಿಗೆ ಚೀಟಿ ಅಂಟಿಸಿ ಇಡ್ತೀವಮ್ಮ. ಒಂದೂ ಇರ್ಲಿಲ್ಲ. ಹುಡುಗ್ರು ಕಲೆಸಿದ್ದಾರೆ ಅಂದ್ಕೊಂಡು ನಂಬರ್ ನೋಡಿ ವಾಪಸ್ ಇಟ್ಟುಬಿಟ್ಟೆ.”

ಓದುತ್ತ ಕೂತಿದ್ದ ಹುಡುಗಿಯೊಬ್ಬಳು ಎದ್ದು ಬಂದಳು. “ಆ ಶನಿವಾರ ಪುಸ್ತಕ ನಾನೇ ಎತ್ತಿಕೊಟ್ಟಿದ್ದು ಆಂಟಿ. ಸರ್ ಒಂದೊಂದು ಇಟ್ಟಾಗ್ಲೂ ಹಿಂದೆ ಸರಿದು ನಿಂತ್ಕೊಂಡು ನೋಡೋರು. ಬೀಗ್ತಿದ್ರು!”

“ಮತ್ತೆ ಹಂಗೇ ಜೋಡಿಸ್ತೀಯಾ?”

“ಮೊದಲ್ನೇದು, ಕೊನೇದು ನೆನಪೈತೆ. ಮಧ್ಯದ್ದು ಗೊತ್ತಿಲ್ಲ ಆಂಟಿ.”

ಅಷ್ಟು ವರ್ಷ ಆ ಕೋಣೆಯ ಮೇಲೆ ಪಟ್ಟ ಹೊಟ್ಟೆಕಿಚ್ಚೆಲ್ಲ ಆ ಹುಡುಗಿಯ ಮೇಲೆ ತಿರುಗಿತು. ಅವರು ಹಾಗೆ ಹಿಂದೆ ಸರಿದು ನಿಂತು ಬೀಗುವುದನ್ನು ನಾನು ಮನೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ. ಅವಳು ಕೊಟ್ಟ ಕುರ್ಚಿಯಲ್ಲಿ ಕೂರದೆ ಛತ್ರಿ, ಸ್ವೆಟರ್ ತೆಗೆದುಕೊಂಡು ಬಂದೆ.

ಆಮೇಲೂ ಒಂದೆರಡು ಸಲ ಹೋಗಿದ್ದೇನೆ. ಪುಸ್ತಕಗಳೆಲ್ಲ ತಮ್ಮ ತಮ್ಮ ಜಾಗದಲ್ಲಿವೆ, ಬೆನ್ನ ಮೇಲಿನ ನಂಬರು ಅವರ ಅಕ್ಷರದಲ್ಲೇ ಇದೆ. ಕಿಟಕಿ ಪಕ್ಕದ ಆ ಸಾಲು ಇಲ್ಲ.