ಬಾಗಲದಾಗ ನಿಂತು ಹೇಳೋ ಮಾತು

ಹೋದ ತಿಂಗಳ ಒಬ್ಬ ಪರದೇಶದ ಹೆಣ್ಮಗಳಿಗೆ ನಾನೊಂದು ವಿದ್ಯಾ ಕಲಿಸಿ ಭಾಳ ಬೀಗಿದ್ದೆ. ಯಾವ ವಿದ್ಯಾ ಅಂತೀರಿ? ಮಂದಿ ಮನ್ಯಾಗಿಂದ ಎದ್ದು ಬರೂದು.

ನಗಬ್ಯಾಡ್ರಿ. ಗದಗಿನಾಗ ಆಗ್ಲಿ, ಲಕ್ಷ್ಮೇಶ್ವರದಾಗ ಆಗ್ಲಿ, ಮುಂಡರಗ್ಯಾಗ ಆಗ್ಲಿ, ಒಬ್ಬರ ಮನಿಗೆ ಹೋಗೂದು ಹಗರ, ಹೊರಗ ಬರೂದು ಕಠಿಣ. ‘ಬರ್ತೀನ್ರಿ’ ಅಂದ ಮ್ಯಾಲೆ ಪಡಸಾಲ್ಯಾಗ ಅರ್ಧ ತಾಸು. ಬಾಗಲದಾಗ ಕಾಲು ತಾಸು. ಚಪ್ಲಿ ಹಾಕ್ಕೊಂಡ ಮ್ಯಾಲೆ ಕಟ್ಟಿ ಮುಂದ ಮತ್ತ ಹತ್ತು ಮಿನಿಟ. (ನಿಮ್ಮನ್ಯಾಗ ಹಂಗಿಲ್ಲ ಅಂದ್ರ ನೀವು ನಮ್ಮ ಕಡೆಯವರ ಅಲ್ಲ ಬಿಡ್ರಿ.)

ಆ ಹೆಣ್ಮಗಳ ಹೆಸರು ಲೀಸಾ. ನೆದರ್ಲೆಂಡ್ಸ್‌ನಾಕಿ. ಊಟದ ಟೇಬಲ್ ಮ್ಯಾಲೆ ಹಾಸೋ ಬಟ್ಟಿ ಮಾರೋ ಒಂದು ಸಣ್ಣ ಕಂಪನ್ಯಾಗ ಕೆಲಸ. ಕೈಮಗ್ಗದ್ದ ಬೇಕು ಅಂತ ಹುಡುಕ್ಕೋತ ಬೆಟಗೇರಿಗೆ ಬಂದಿದ್ಲು. ನಾನು ರಿಟೈರ್ ಆದ ಇಂಗ್ಲಿಷ್ ಟೀಚರ್, ನಡುವ ಕುಂತು ಮಾತು ದಾಟಿಸೋ ಕೆಲಸ ನನಗ ಬಂತು. ನೇಕಾರ ಈರಪ್ಪ ನಮ್ಮ ಓಣಿಯವ. ಅವನ್ನೂ ಸೇರಿ ನಾಕು ಮನಿಯ ನಾಕು ಮಗ್ಗಕ್ಕ ವರ್ಷಪೂರ್ತಿ ಕೆಲಸ ಸಿಗೋ ಆರ್ಡರ್ ಅದು. ಬಿಳೀ ಬಟ್ಟಿ, ಕೆಂಪು ಅಂಚು. ಪೈಲಾ ಸಲದ ಮಾಲು ಸರಿ ಹೋದ್ರ ಮುಂದಿಂದು. ಇಲ್ಲಾಂದ್ರ ರಾಮ್ ರಾಮ್.

ಲೀಸಾ ತಯಾರಾಗೇ ಬಂದಿದ್ಲು ಅನ್ರಿ. ಭಾರತದವರ ಜೋಡಿ ಹೆಂಗ ಕೆಲಸ ಮಾಡಬೇಕು ಅಂತ ಆಕಿ ಕಂಪನಿಯವರು ಒಂದು ದಿನದ ಟ್ರೇನಿಂಗ್ ಕೊಟ್ಟಿದ್ರಂತ. ಆ ನೋಟ್‌ಬುಕ್ ನನಗೂ ತೋರಿಸಿದ್ಲು. ಅವರು ತಲಿ ಅಲ್ಲಾಡಿಸಿದ್ರ ಗಾಬರಿ ಆಗಬ್ಯಾಡ. ತಡಾ ಮಾಡಿ ಬಂದ್ರ ಸಿಟ್ಟಿಗೇಳಬ್ಯಾಡ. ಎಡಗೈಲೆ ಏನೂ ಕೊಡಬ್ಯಾಡ. ಅವರು ‘ಆಗಂಗಿಲ್ಲ’ ಅಂತ ಬಾಯಿಬಿಟ್ಟು ಹೇಳೂದಿಲ್ಲ, ಅದಕ್ಕ ‘ಏನರ ತೊಂದ್ರಿ ಐತೇನು’ ಅಂತ ಒಬ್ಬೊಬ್ಬರನ್ನೂ ಕೇಳು. ಓದಿ ನನಗ ನಗಿ ಬಂತು, ಸ್ವಲ್ಪ ಸಿಟ್ಟೂ ಬಂತು. ಯಾಕಂದ್ರ ಎಲ್ಲಾ ಖರೇನ ಇತ್ತು.

ಪೈಲಾ ದಿನ ಈರಪ್ಪನ ಪಡಸಾಲ್ಯಾಗ ನಾಕೂ ನೇಕಾರರ ಮೀಟಿಂಗ್. ನಡುವ ಕುರ್ಚಿ ಮ್ಯಾಲೆ ಅವನ ಸೋದರಮಾವ ಸಂಗಪ್ಪಜ್ಜ. ನೂಲಿಗೆ ಬಣ್ಣ ಹಾಕೂದ್ರಾಗ ಪಳಗಿದ ಕೈ, ಎಲ್ಲಾರಿಗೂ ಹಿರ್ಯಾ. ಆತ ತಂದಿದ್ದ ನಾಕೈದು ಕೆಂಪು ನೂಲಿನಾಗ ಒಂದನ್ನ ಲೀಸಾ ಎತ್ತಿ ಹಿಡಿದು, ಇಂಥಾ ಕೆಂಪು ನಾ ಎಲ್ಲೂ ನೋಡಿಲ್ಲ, ಅಂಚಿಗೆ ಇದ ಇರಲಿ ಅಂತ ಹೊಗಳಿದ್ದೇ ಹೊಗಳಿದ್ದು. ಅಜ್ಜನ ಮೀಸಿ ಕುಣೀತು. ಆಮ್ಯಾಲೆ ನೋಟ್‌ಬುಕ್ಕಿನ ಪ್ರಕಾರ ಒಬ್ಬೊಬ್ಬರನ್ನೂ ಕೇಳಿದ್ಲು, ಏನರ ತೊಂದ್ರಿ ಐತೇನು ಅಂತ. ‘ಏನಿಲ್ರಿ, ಆರಾಮ’ ಅಂದ್ರು ಎಲ್ಲಾರೂ. ಲೀಸಾ ಟಿಕ್ ಹಾಕಿದ್ಲು. ಅರ್ಧ ತಾಸಿನ್ಯಾಗ ಮೀಟಿಂಗ್ ಮುಗೀತು.

ನಾವು ಹೊರಗ ಬಿದ್ದದ್ದು ಮಾತ್ರ ಎರಡು ತಾಸಿನ ಮ್ಯಾಲೆ. ಈರಪ್ಪನ ಹೇಣ್ತಿ ಗಂಗವ್ವ ಚಾ ತಂದ್ಲು, ಮಂಡಕ್ಕಿ ಸೂಸಲ ತಂದ್ಲು, ಮಿರ್ಚಿ ತಂದ್ಲು, ಮತ್ತ ಚಾ ತಂದ್ಲು. ಲೀಸಾನ ಕಾಲಾಗ ಲೇಸು ಕಟ್ಟೋ ಬೂಟು ಬ್ಯಾರೆ. ಆಕಿ ಒಂದೊಂದ ಲೇಸು ಕಟ್ಟೂದ್ರಾಗ ಗಂಗವ್ವ ಆಕಿಗೆ ಮಕ್ಕಳೆಷ್ಟು, ಅವ್ವ ಅದಾಳೋ ಇಲ್ಲೋ, ಅಲ್ಲಿ ರೊಟ್ಟಿ ಸಿಗತಾವೋ ಇಲ್ಲೋ, ಎಲ್ಲಾ ಕೇಳಿ ಮುಗಿಸಿದ್ಲು.

ಆಟೋದಾಗ ಲೀಸಾ ನನ್ನ ಮಾರಿ ನೋಡಿ ಕೇಳಿದ್ಲು, ‘ಮೀಟಿಂಗ್ ಮುಗಿದ ಮ್ಯಾಲೆ ನಾವು ಅಲ್ಲಿ ಏನು ಮಾಡ್ತಿದ್ವಿ?’

ನನಗ ನಾಚಿಕಿ ಆತು ನೋಡ್ರಿ. ನಮ್ಮ ಊರಿನ ಹುಳುಕು ಹೊರಗಿನವರಿಗೆ ಕಂಡಂಗ ಆತು. ಇದು ನಮ್ಮ ಮಂದಿ ರೋಗ, ಇದಕ್ಕ ಔಷಧ ನನ್ನ ಕಡೆ ಐತಿ ಅಂದೆ. ಗದಗಿನ ಪ್ಯಾಟ್ಯಾಗ ಸೀದಾ ಕಾಲು ತೂರಿಸೋ ಚಪ್ಲಿ ಕೊಡಿಸಿದೆ. ಚಾ ಬರೂಕಿಂತ ಮುಂಚೆ ಏಳು, ಎರಡೂ ಕೈ ಮುಗಿ, ‘ಬರ್ತೀನ್ರಿ’ ಅನ್ನು, ಹಿಂದ ತಿರುಗಿ ನೋಡಬ್ಯಾಡ ಅಂತ ಪಾಠ ಮಾಡಿದೆ. ಆಟೋದವಗ ಗಾಡಿ ಚಾಲೂ ಇಡು ಅಂತ ನಾನ ಹೇಳಿದ್ದೆ.

ನನಗ ಈ ವಿದ್ಯಾ ಬಂದದ್ದು ರೂಢಿಲೆ. ಅದರ ಹಿಂದಿನ ವಾರನ ಶಿರಹಟ್ಟಿಯಿಂದ ನಮ್ಮ ವೈನಿ, ಅಣ್ಣನ ಹೇಣ್ತಿ, ಬಂದಿದ್ರು. ಎರಡು ತಾಸು ಕುಂತು ಊರ ಸುದ್ದಿ ಎಲ್ಲಾ ಹೇಳಿದ್ರು. ಹೊಂಡೋ ಮುಂದ ಒಂದು ಚಪ್ಲಿ ಕಾಲಾಗ ಹಾಕ್ಕೊಂಡು ಇನ್ನೊಂದು ಕೈಯಾಗ ಹಿಡ್ಕೊಂಡು ಬಾಗಲದಾಗ ನಿಂತ್ರು, ನಿಂತೇ ನಿಂತ್ರು. ಒಲಿ ಮ್ಯಾಲೆ ನನ್ನ ಹಾಲು. ‘ವೈನಿ, ಬಸ್ಸು ತಪ್ಪತೈತ್ರಿ’ ಅಂದೆ. ಹೋದ್ರು. ನೋಡ್ರಿ, ಎಷ್ಟು ಸಲೀಸು.

ಮುಂದಿನ ಮೂರು ಭೇಟಿ ಲೀಸಾ ಫಸ್ಟ್ ಕ್ಲಾಸ್ ಪಾಸು. ಒಂದು ಸಲ ಗಂಗವ್ವ ಸೆರಗಿನಾಗ ಕೈ ಮುಚ್ಚಿಕೊಂಡು ಬಾಗಲ ತನಕ ಓಡಿಬಂದು, ‘ಅಕ್ಕಾರ, ಒಂದ ಮಿನಿಟ’ ಅಂದ್ಲು. ‘ಮತ್ತ ಬರ್ತೀವಿ ಗಂಗವ್ವ’ ಅಂತ ಆಟೋದಾಗಿಂದನ ಕೈ ಬೀಸಿದೆ. ಸೂಸಲ ತಿನ್ನಾಕ ಕರೀತಾಳ ಅಂತ ಲೀಸಾಗ ತಿಳಿಸಿ ಹೇಳಿದೆ. ಇಬ್ಬರೂ ನಕ್ವಿ.

ಕಡೀ ದಿನ ಶುಕ್ರವಾರ. ಮಧ್ಯಾಹ್ನ ಲೀಸಾ ಹುಬ್ಬಳ್ಳಿಗೆ ಹೋಗಿ ವಿಮಾನ ಹತ್ತಾಕಿ. ಸೋಮವಾರ ನಾಕೂ ಮಗ್ಗಕ್ಕ ಹಾಸಿನ ನೂಲು ಏರಿಸಿ ನೇಯಾಕ ಚಾಲೂ. ಮೀಟಿಂಗ್‌ನಾಗ ಕಡೀ ಸಲ ಕೇಳಿದ್ಲು, ತೊಂದ್ರಿ ಏನರ? ‘ಏನಿಲ್ರಿ, ಆರಾಮ.’ ಕಡೀ ಟಿಕ್. ಎದ್ಲು, ಕೈ ಮುಗಿದ್ಲು, ಚಪ್ಲ್ಯಾಗ ಕಾಲು ತೂರಿಸಿ ಹೊಚ್ಚಲ ದಾಟಿದ್ಲು. ಚಪ್ಲಿ ಉಂಗುಟ ಕಿತ್ತು ಬಂತು.

ನಾನು ಆರಿಸಿ ಕೊಡಿಸಿದ ಚಪ್ಲಿ ಅದು. ನನ್ನ ಮಾರಿ ಹೆಂಗಾಗಿರಬೇಕು ಹೇಳ್ರಿ. ಲೀಸಾ ಒಂಟಿಕಾಲಿಲೆ ಕುಂಟಿಕೋತ ಹೋಗಿ ಕಟ್ಟಿ ಮ್ಯಾಲೆ ಕುಂತ್ಲು. ಒಳಗಿದ್ದವರೆಲ್ಲಾ ಹಿತ್ತಲ ಬಾಗಲದಾಗ ಹಾದು ತಮ್ಮ ತಮ್ಮ ಮನಿಗೆ ಹೋದ್ರು. ಸಂಗಪ್ಪಜ್ಜನೂ ಹೋದ. ಗಂಗವ್ವ ಒಂದು ಪಿನ್ನು ತಂದು ಕೆಳಗ ಕುಂತು ಉಂಗುಟ ಜೋಡಸಾಕ ಹತ್ತಿದ್ಲು. ಜೋಡಸ್ತಾಳ, ಬಿಚ್ಚತಾಳ, ಮತ್ತ ಜೋಡಸ್ತಾಳ. ತಲಿ ಎತ್ತವಲ್ಲಳು.

ಆಮ್ಯಾಲೆ ಮೆಲ್ಲಕ ಅಂದ್ಲು, ‘ಅಕ್ಕಾರ, ಲೀಸಾ ಬಾಯಾರಿಗೆ ಒಂದು ಮಾತು ಹೇಳ್ರಿ. ಆ ಕೆಂಪು ನಿಲ್ಲಂಗಿಲ್ರಿ.’

ಸೆರಗಿನಾಗಿಂದ ಒಂದು ಬಟ್ಟಿ ತುಣುಕು ತಗದ್ಲು. ಬಿಳೀದು, ಕೆಂಪು ಅಂಚಿಂದು. ಬಿಳೀದು ಅಂತ ನಾ ಹೇಳಬೇಕಷ್ಟ, ಒಂದ ಒಗಿತಕ್ಕ ಅದು ಪೂರಾ ಗುಲಾಬಿ ಆಗಿತ್ತು. ಪೈಲಾ ಭೇಟಿ ಆದ ಮರುದಿನ ಈರಪ್ಪ ಒಂದು ತುಣುಕು ನೇಯ್ದಿದ್ದ, ಗಂಗವ್ವ ಬಚ್ಚಲದಾಗ ಒಗದು ನೋಡಿದ್ಲು. ಆವತ್ತಿಂದ ಪ್ರತಿ ಸಲಾನೂ ಆ ತುಣುಕು ಸೆರಗಿನಾಗ ಮುಚ್ಚಿಕೊಂಡು ಬಾಗಲ ತನಕ ಬಂದಾಳ. ಪ್ರತಿ ಸಲಾನೂ ನಮ್ಮ ಆಟೋ ಹೊಂಟಿರತಿತ್ತು.

ವಾರಕ್ಕೊಮ್ಮೆ ಒಗಿಯೋ ಬಟ್ಟಿ ಇವು. ಅಲ್ಲಿ ಹೋಗಿ ಎಲ್ಲಾ ಗುಲಾಬಿ ಆಗಿದ್ರ? ನಾಕು ಮನಿಯ ವರ್ಷದ ಕೆಲಸ ನನ್ನ ಶಾಣ್ಯಾತನಕ್ಕ ತೊಳದು ಹೋಗತಿತ್ತು.

ನಾ ಎಲ್ಲಾ ತಿಳಿಸಿ ಹೇಳಿದ ಮ್ಯಾಲೆ ಲೀಸಾ ಬಟ್ಟಿ ತಿರುವಿ ಮುರುವಿ ನೋಡಿದ್ಲು. ಆಮ್ಯಾಲೆ ಕೇಳಿದ್ಲು, ಒಳಗ ಯಾಕ ಹೇಳಲಿಲ್ಲ? ನಾ ಪ್ರತಿ ಸಲಾನೂ ಕೇಳಿದ್ನಲ್ಲ? ಬಾಗಲಕ್ಕ ಆತುಕೊಂಡು ನಿಂತಿದ್ದ ಈರಪ್ಪ ನೆಲಾ ನೋಡಿಕೋತ ಅಂದ, ‘ಒಳಗ ಮಾವ ಕುಂತಿದ್ನಲ್ರಿ ಬಾಯಾರ. ಬಣ್ಣ ಅವಂದು. ನೀವರ ಅಷ್ಟು ಮೆಚ್ಚಿದ್ರಿ. ಎಲ್ಲಾರ ಮುಂದ ಹೆಂಗ ಹೇಳೂದು? ಹೊಂಡೋ ಮುಂದ ಹೇಳೋಣಂತ ಇದ್ವಿ. ನೀವು ಹೊಂಟಬಿಡ್ತಿದ್ರಿ.’

ಇದನ್ನ ಇಂಗ್ಲಿಷಿಗೆ ದಾಟಿಸಿದೆ. ಕಡೀಕ ಇದ್ದದ್ದ ಇದ್ದಂಗ ಹೇಳಿದೆ. ತಪ್ಪು ನಿಂದಲ್ಲ, ಇವರದ್ದೂ ಅಲ್ಲ, ನಂದು. ಇವರ ಆಫೀಸು ಈ ಬಾಗಲ. ನಾನ ನಿನ್ನ ಇಲ್ಲಿ ನಿಲ್ಲದಂಗ ಮಾಡಿದೆ.

ಲೀಸಾ ಸಿಟ್ಟಿಗೇಳಲಿಲ್ಲ. ಮ್ಯಾನೇಜರ್‌ಗೆ ಫೋನ್ ಹಚ್ಚಿ ವಿಮಾನದ ಟಿಕೆಟ್ ಎರಡು ದಿನ ಮುಂದ ಹಾಕಿಸಿದ್ಲು. ಆಮ್ಯಾಲೆ ಗಂಗವ್ವನ ಕಡೆ ತಿರುಗಿ, ಚಾ ಐತೇನು ಅಂತ ಕೇಳಿದ್ಲು. ಗಂಗವ್ವ ಕಣ್ಣು ಒರಿಸಿಕೊಂಡು ಒಳಗ ಓಡಿದ್ಲು.

ಅಜ್ಜಗ ಹೇಳೂದು ಹೆಂಗ? ಅದೂ ಕಲಿಯೂವಂಥಾದ್ದು ನೋಡ್ರಿ. ಈರಪ್ಪ ಮಾವನ್ನ ಚಾದಂಗಡಿಗೆ ಕರ್ಕೊಂಡು ಹೋದ. ಅಲ್ಲೂ ಹೇಳಲಿಲ್ಲ. ವಾಪಸ್ ಬರೋ ಮುಂದ, ಅಜ್ಜನ ಮನಿ ಹೊಚ್ಚಲದಾಗ ಹೇಳಿದ. ಅಜ್ಜ ಒಂದು ನಿಟ್ಟುಸಿರು ಬಿಟ್ಟು ಅಂದನಂತ, ‘ನನಗೂ ಅನುಮಾನ ಇತ್ತಲೇ ಈರ್ಯಾ. ನಾನೂ ಬಾಯಾರು ಹೊಂಡೋ ಮುಂದ ಹೇಳೋಣಂತ ಇದ್ದೆ.’

ಅಂದ್ರ ಮನಿ ಮಂದೆಲ್ಲಾ ಅದ ಬಾಗಲ ಕಾಯ್ಕೋತ ಕುಂತಿದ್ರು. ನಾವಿಬ್ಬರ ಓಡ್ತಿದ್ವಿ.

ಅಜ್ಜ ತನ್ನ ಹಳೇ ಪಕ್ಕಾ ಕೆಂಪು ತಗದ, ಸ್ವಲ್ಪ ಕಪ್ಪಿನ ಕಡೆ ವಾಲೋವಂಥಾದ್ದು. ಗಂಗವ್ವ ಮೂರು ಸಲ ಒಗದ್ಲು, ಬಿಳೀದು ಬಿಳೀದ ಉಳೀತು. ಲೀಸಾ ಹೊಂಡೋ ದಿನ ಮತ್ತ ಬೂಟಿನಾಗ ಬಂದಿದ್ಲು. ನೋಟ್‌ಬುಕ್ಕಿನ ಕಡೀ ಹಾಳ್ಯಾಗ ಏನೋ ಬರಕೊಂಡಿದ್ಲು, ನಾ ಇಣುಕಿ ನೋಡಿದೆ: ಲೇಸು ಇರೋ ಬೂಟು ಹಾಕ್ಕೋಬೇಕು. (ಟ್ರೇನಿಂಗ್ ಕೊಟ್ಟವರಿಗೆ ಇದನ್ನ ಯಾರರ ಕಳಸ್ರಿ.)

ನಿನ್ನೆ ಈರಪ್ಪನ ಪಡಸಾಲ್ಯಾಗ ನನ್ನ ಲ್ಯಾಪ್‌ಟಾಪಿನ ಮ್ಯಾಲೆ ವಿಡಿಯೋ ಕಾಲ್ ಇತ್ತು. ಪೈಲಾ ಮಾಲು ತಯಾರಾಗಾಕ ಬಂದೈತಿ, ಎಲ್ಲಾರೂ ಆರಾಮ. ಲೀಸಾ ಬೈ ಅಂದ್ಲು, ನಾವೂ ಅಂದ್ವಿ. ಅಜ್ಜ ಎದ್ದು ಹೋದ, ಉಳಿದವರೂ ಎದ್ರು. ಲೀಸಾ ಮಾತ್ರ ಕಾಲ್ ಕಟ್ ಮಾಡಲಿಲ್ಲ. ಕಾಫಿ ಕಪ್ಪು ಹಿಡ್ಕೊಂಡು ಸುಮ್ಮನ ಕುಂತ್ಲು. ಇಲ್ಲಿ ಈರಪ್ಪನೂ ಸುಮ್ಮನ. ನನ್ನ ಬೆರಳು ಕೆಂಪು ಬಟನ್ ಕಡೆ ಹೊಂಟಿತ್ತು, ಹಿಂದಕ್ಕ ತಗೊಂಡೆ. ಎರಡು ಮಿನಿಟ ಆದ ಮ್ಯಾಲೆ ಈರಪ್ಪ ಬಾಯಿಬಿಟ್ಟ. ಒಬ್ಬ ನೇಕಾರನ ಮಗಳ ಮದುವಿ ಬಂದೈತಿ, ಒಂದು ಮಗ್ಗ ಹತ್ತು ದಿನ ನಿಂದರತೈತಿ, ಮಾಲು ಸ್ವಲ್ಪ ತಡಾ ಆದ್ರ ನಡೀತೈತೇನ್ರಿ ಅಂದ. ನಡೀತೈತಿ ಅಂದ್ಲು ಲೀಸಾ, ಮದುವಿ ಫೋಟೋ ಕಳಸು ಅಂದ್ಲು.

ಸಾವಿರಾರು ಮೈಲಿ ದೂರದಾಕಿಗೆ ಎರಡು ಮಿನಿಟ ಬಾಗಲದಾಗ ನಿಲ್ಲೂದು ತಿಳೀತು. ಹುಟ್ಟಿದಾಗಿಂದ ಇಲ್ಲೇ ಇದ್ದಾಕಿ ನಾನು, ಲ್ಯಾಪ್‌ಟಾಪ್ ಮುಚ್ಚಿ ಹಂಗ ಕುಂತೆ. ನಾಳೆ ಮುಂಜಾನೆ ಪೈಲಾ ಬಸ್ಸಿಗೆ ಶಿರಹಟ್ಟಿಗೆ ಹೊಂಟೀನಿ.

ಒಂದು ಚಪ್ಲಿ ಕಾಲಾಗ, ಒಂದು ಚಪ್ಲಿ ಕೈಯಾಗ ಹಿಡ್ಕೊಂಡು, ನಮ್ಮ ವೈನಿ ಆವತ್ತ ನನಗ ಏನು ಹೇಳಾಕ ನಿಂತಿದ್ರು?