ಅಳತೆ ತಪ್ಪಿದ ಬಳೆಗಳು

ಸಾವಿತ್ರಮ್ಮ, ಅವತ್ತು ರೇಸಿನಲ್ಲಿ ನಿಮ್ಮ ಗಂಡ ಸೋಮುವಿನ ಗಾಡಿಗೆ ಅಡ್ಡ ಬಂದವನು ನಾನು. ಆಮೇಲೆ ಎಲ್ಲರೆದುರು ನಿಂತು, ಯಾರೂ ಅಡ್ಡ ಬರಲಿಲ್ಲ ಎಂದವನೂ ನಾನೇ. ಇಷ್ಟು ಹೇಳುವುದಕ್ಕೆ — ಎರಡೇ ವಾಕ್ಯ — ನನಗೆ ಒಂದು ಆಯುಷ್ಯ ಹಿಡಿಯಿತು. ಸೋಮು ಬದುಕಿರುವಾಗ ಹೇಳಲಿಲ್ಲ. ಅವನು ಹೋದ ಮೇಲೆ ಹೇಳುತ್ತಿದ್ದೇನೆ, ಅಂದರೆ ಹೇಳಿ ಪ್ರಯೋಜನವಿಲ್ಲದ ಹೊತ್ತಿಗೆ ನನಗೆ ಧೈರ್ಯ ಬಂದಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನ್ನ ವಿಷಯದಲ್ಲಿ ಕೆಟ್ಟವನು ಬೇರೆಯವನು, ಬುದ್ಧಿ ಬಂದದ್ದು ಮಾತ್ರ ನನಗೆ.

ಅರವತ್ತರ ದಶಕದ ಜಯನಗರ ನಿಮಗೆ ನೆನಪಿರಬೇಕು. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸಂಜೆ ಆಫೀಸು ಬಿಟ್ಟು ಬಂದ ನಾವೊಂದಷ್ಟು ಜನ ಹೋಟೆಲಿನ ಎದುರಿನ ಮೋರಿ ಕಟ್ಟೆಯ ಮೇಲೆ ಕೂತು, ಬೈಟು ಕಾಫಿ ಕುಡಿಯುತ್ತ, ಮೋಟಾರ್‌ಸೈಕಲ್ ರೇಸಿನ ಬಗ್ಗೆ ಗಂಟಲು ಹರಿದುಕೊಳ್ಳುತ್ತಿದ್ದೆವು. ನಮ್ಮಲ್ಲಿ ಒಬ್ಬನ ಹತ್ತಿರವೂ ಮೋಟಾರ್‌ಸೈಕಲ್ ಇರಲಿಲ್ಲ. ಬ್ಯಾಂಕಿನ ಶೀನನಿಗೆ ಸೈಕಲ್ಲೂ ನೆಟ್ಟಗೆ ಬರುತ್ತಿರಲಿಲ್ಲ. ಆದರೆ ಯಾವ ರೈಡರು ಯಾವ ತಿರುವಿನಲ್ಲಿ ಯಾಕೆ ಹೆದರಿದ, ಯಾರ ಮೈಯಲ್ಲಿ ರಕ್ತವಿದೆ, ಯಾರ ಮೈಯಲ್ಲಿ ಬರೀ ಮಜ್ಜಿಗೆಯಿದೆ — ಎಲ್ಲ ನಮಗೆ ಗೊತ್ತಿತ್ತು.

ಸೌತ್ ಎಂಡ್ ಕಡೆಯ ಗ್ಯಾರೇಜಿನ ಯಜಮಾನರು ಇಬ್ಬರನ್ನು ರೇಸಿಗೆ ಇಳಿಸುತ್ತಿದ್ದರು. ಒಬ್ಬ ಅವರ ಅಳಿಯ ದಿವಾಕರ. ಇನ್ನೊಬ್ಬ ಅದೇ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ನಿಮ್ಮ ಸೋಮು. ಇಬ್ಬರಲ್ಲಿ ಯಾರು ವೇಗ ಎಂಬುದರಲ್ಲಿ ಕಟ್ಟೆಯ ಮೇಲೆ ಭಿನ್ನಾಭಿಪ್ರಾಯವೇ ಇರಲಿಲ್ಲ, ಸೋಮುವೇ. ಜಗಳವಿದ್ದದ್ದು ಒಂದೇ ಪ್ರಶ್ನೆಗೆ — ಯಜಮಾನರು ಅವನನ್ನು ಗೆಲ್ಲಲು ಬಿಡುತ್ತಾರೋ ಇಲ್ಲವೋ.

"ನೋಡ್ತಿರ್ರೋ, ಅಳಿಯ ಹಿಂದಿದ್ರೆ ಸೋಮು ಕೊನೇ ತಿರುವಲ್ಲಿ ಆಕ್ಸಿಲೇಟರ್ ಬಿಟ್ಬಿಡ್ತಾನೆ. ಅವನಿಗೆ ಫೋರ್‌ಮನ್ ಕೆಲಸ ಬೇಕು. ಎಲ್ಲಾ ಒಳಗೊಳಗೇ ಮಾತಾಗಿದೆ," ಎಂದು ನಾನು ಹೇಳುತ್ತಿದ್ದೆ. ಮಾತಾಗಿದ್ದನ್ನು ನಾನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಆದರೆ ಒಂದು ಮಾತನ್ನು ದಿನಾ ಸಂಜೆ ಅದೇ ಕಟ್ಟೆಯ ಮೇಲೆ ಹೇಳುತ್ತಾ ಹೋದರೆ, ಹೇಳಿದವನಿಗೇ ಅದು ಸುದ್ದಿಯಂತೆ ಕೇಳಿಸತೊಡಗುತ್ತದೆ.

"ಸೋಮು ಅಂಥೋನಲ್ಲ ಕಣೋ. ಮಾನಸ್ಥ," ಎನ್ನುತ್ತಿದ್ದ ಶೀನ.

"ಆಗ್ಲಿ ಗುರು. ನೋಡೇ ಬಿಡೋಣ."

ನೋಡಲು ಹೋದೆ. ಊರಾಚೆಯ ಹಳೆಯ ವಿಮಾನದ ಓಡುದಾರಿಯ ಮೇಲೆ ರೇಸು. ಎಣ್ಣೆಯ ಡ್ರಮ್ಮುಗಳನ್ನೂ ಹುಲ್ಲಿನ ಹೊರೆಗಳನ್ನೂ ಇಟ್ಟು ತಿರುವು ಮಾಡಿದ್ದರು. ಸ್ನೇಹಿತರೆಲ್ಲ ಗೆಲುವಿನ ಗೆರೆಯ ಹತ್ತಿರ, ಶಾಮಿಯಾನದ ನೆರಳಿನಲ್ಲಿ ಉಳಿದರು. ನಾನೊಬ್ಬನೇ ಕೊನೆಯ ತಿರುವಿಗೆ ಹೋದೆ — ಸೋಮುವಿನ ಬಲಗೈ ಮಣಿಕಟ್ಟು ತಿರುಗುವುದನ್ನು ಕಣ್ಣಾರೆ ನೋಡಿ, ಕಟ್ಟೆಗೆ ಬಂದು ಸಾಕ್ಷಿ ಹೇಳಬೇಕೆಂಬ ಆಸೆಯಿಂದ. ಹೊರಗಿನಿಂದ ಆ ಕೈ ಸರಿಯಾಗಿ ಕಾಣುತ್ತಿರಲಿಲ್ಲ. ಗಾಡಿಗಳು ಆಚೆ ತುದಿಗೆ ಹೋದಾಗ ಜನ ಓಡಿ ದಾರಿ ದಾಟಿ ಒಳಬದಿಗೆ ಹೋಗುವುದು ಆಗ ಮಾಮೂಲು. ಹಗ್ಗ ಹಿಡಿದು ನಿಂತವರೂ ಸುಮ್ಮನೆ ಬಯ್ಯುತ್ತಿದ್ದರೇ ಹೊರತು ತಡೆಯುತ್ತಿರಲಿಲ್ಲ. ಕೊನೆಯ ಸುತ್ತಿಗೆ ಹಗ್ಗದವರೂ ಜನರೂ ಗೆಲುವಿನ ಗೆರೆಯತ್ತ ಓಡಿದ್ದರು; ಗಾಡಿಗಳು ಇನ್ನೂ ಆಚೆ ತುದಿಯಲ್ಲೇ ಇವೆಯೆಂದು ನಾನು ದಾರಿ ದಾಟಲು ಓಡಿದೆ. ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ಮಧ್ಯದಲ್ಲೇ ಬಿದ್ದೆ.

ಸೋಮು ಬಂದ. ದಿವಾಕರನಿಗಿಂತ ಎಷ್ಟೋ ಮುಂದೆ, ಒಬ್ಬನೇ ಬಂದ. ನನ್ನ ಕಣ್ಣಿಗೆ ಕಂಡದ್ದು ಮುಂದಿನ ಚಕ್ರ, ಅದರ ಮೇಲೆ ಕನ್ನಡಕ ಹಾಕಿದ ಮುಖ, ಆಮೇಲೆ — ನಾನು ಯಾವುದನ್ನು ನೋಡಲೆಂದು ಬಂದಿದ್ದೆನೋ ಅದೇ — ಆ ಕೈ ತಿರುಗಿತು. ಆಕ್ಸಿಲರೇಟರ್ ಬಿಟ್ಟ. ಗಾಡಿ ಹಾವಿನ ಹಾಗೆ ಹೊರಳಾಡಿ ಹುಲ್ಲಿನ ಹೊರೆಗೆ ತಗುಲಿ ನಿಂತುಕೊಂಡಿತು. ನಾನು ಎದ್ದು ಡ್ರಮ್ಮಿನ ಹಿಂದಕ್ಕೆ ಓಡಿದೆ. ಅವನು ಗಾಡಿ ಎಳೆದು ಮತ್ತೆ ಹೊರಡುವಷ್ಟರಲ್ಲಿ ದಿವಾಕರ ದಾಟಿ ಹೋಗಿದ್ದ. ನನ್ನ ಮೊಣಕಾಲು ತರಚಿತ್ತು, ಅಷ್ಟೇ ಗಾಯ.

ಶಾಮಿಯಾನದ ಹತ್ತಿರ ಹೋದಾಗ ಜನ ಸೋಮುವನ್ನು ಮುತ್ತಿಕೊಂಡಿದ್ದರು. ಅಲ್ಲಿಂದ ಕೊನೆಯ ತಿರುವು ಕಾಣುತ್ತಿರಲಿಲ್ಲ. ಮುಂದಿದ್ದವನು ಹಿಂದೆ ಬಿದ್ದದ್ದಷ್ಟೇ ಅವರಿಗೆ ಕಂಡದ್ದು. ಯಾರೋ ಅಡ್ಡ ಬಂದರು ಎಂದು ಅವನು ಹೇಳುತ್ತಿದ್ದ. ಶೀನ ನನ್ನನ್ನು ಕಂಡವನೇ ಕೂಗಿದ:

"ಲೋ, ನೀನು ಅಲ್ಲೇ ಇದ್ಯಲ್ಲ! ಯಾರಾದ್ರೂ ಅಡ್ಡ ಬಂದ್ರೇನೋ?"

ಎಲ್ಲರೂ ನನ್ನತ್ತ ತಿರುಗಿದರು. ಸೋಮುವೂ ತಿರುಗಿದ. ನನಗೆ ಭಯವಾಗಿತ್ತೆಂದು ಹೇಳಿದರೆ ಚೆನ್ನಾಗಿರುತ್ತದೆ; ಜನ ಹೊಡೆದಾರೆಂಬ ಭಯ ಸ್ವಲ್ಪ ಇದ್ದದ್ದೂ ನಿಜ. ಆದರೆ ನನ್ನ ಬಾಯಿ ತೆರೆಸಿದ್ದು ಅದಲ್ಲ. ಇಷ್ಟು ದಿನ ನಾನು ವಾದಿಸಿದ್ದು ಎಲ್ಲರ ಕಣ್ಣೆದುರು ನಿಜವಾದ ಹಾಗೆ ಕಾಣುತ್ತಿತ್ತು. ಒಂದೇ ಒಂದು ಮಾತು ಆಡಿದರೆ ಸಾಕು, ನಾನು ಗೆದ್ದೆ. ಆ ರುಚಿ — ಅದಕ್ಕೇ ಆಡಿದೆ.

"ಯಾರೂ ಅಡ್ಡ ಬರ್ಲಿಲ್ಲಪ್ಪ. ಆಕ್ಸಿಲೇಟರ್ ಬಿಟ್ಟ. ನಾನೇ ನೋಡ್ದೆ."

ಸೋಮು ನನ್ನ ಷರಟಿನ ಮೇಲಿದ್ದ ಮಣ್ಣನ್ನು ನೋಡಿದನೆಂದು ಆಗಲೇ ಅನಿಸಿತ್ತು.

ಮಾರನೆಯ ಸಂಜೆ ಕಟ್ಟೆಯ ಮೇಲೆ ನಾನು ರಾಜ. ಅಲ್ಲಿಂದ ಸುದ್ದಿ ಬಸವನಗುಡಿಗೂ ಹೋಯಿತು, ಚಾಮರಾಜಪೇಟೆಗೂ ಹೋಯಿತು. ನನ್ನ ಮಾತಿಗೆ ಕೈಕಾಲು ಮೂಡಿ ಅದೇ ಓಡಾಡತೊಡಗಿತು. ಆಳಿನ ಭಿಕ್ಷೆಯಿಂದ ಗೆದ್ದ ಅಳಿಯ ಎಂದು ಜನ ದಿವಾಕರನನ್ನು ಆಡಿಕೊಂಡರು. ಅವನು ಆ ಸಿಟ್ಟನ್ನು ಸೋಮುವಿನ ಮೇಲೆ ತೀರಿಸಿಕೊಂಡು, ಒಳ್ಳೆಯ ಗಾಡಿಯನ್ನು ಅವನಿಂದ ಕಿತ್ತುಕೊಂಡು, ಹಳೆಯದೊಂದನ್ನು ಕೊಡಿಸಿದ. ಯಜಮಾನರು ಅಳಿಯನ ಮಾತು ಮೀರುವವರಲ್ಲ. ಟೀಮಿನೊಳಗೆ ರಾಜಕೀಯ ಇದೆ ಎಂದು ನಾನು ಹೇಳುತ್ತಿದ್ದೆನಲ್ಲ — ಈಗ ನಿಜವಾಗಿಯೂ ಇತ್ತು. ಹುಟ್ಟಿಸಿದವನು ನಾನು.

ಅಷ್ಟಕ್ಕೇ ಬಿಟ್ಟಿದ್ದರೆ — ಬಿಡಲಿಲ್ಲ. ಗೌರಿ ಹಬ್ಬ ಬಂತು.

ಇಲ್ಲಿಂದ ಮುಂದಿನದು ನಿಮಗೆ ಗೊತ್ತಿಲ್ಲ, ಸಾವಿತ್ರಮ್ಮ. ಗೊತ್ತಿದೆಯೆಂದು ನೀವು ಅಂದುಕೊಂಡಿರುವುದು ಸುಳ್ಳು. ಆ ವರ್ಷ ನಿಮಗೆ ತವರಿನಿಂದ ಬಂದ ಬಾಗಿನ ತವರಿನಿಂದ ಬಂದದ್ದಲ್ಲ. ನಾವು ಕಳಿಸಿದ್ದು. ಹೆದರಿದ ಗಂಡಸಿಗೆ ಬಳೆ ಕಳಿಸುವ ಹಳೆಯ ಕುಚೋದ್ಯವನ್ನು ಹಬ್ಬಕ್ಕೆ ಹೊಂದಿಸಿದ್ದು ನನ್ನ ತಲೆ. ಜೋಡಿ ಮೊರ, ಅರಿಶಿನ ಕುಂಕುಮ, ರವಿಕೆ ಕಣ, ಒಂದು ಡಜನ್ ಹಸಿರು ಗಾಜಿನ ಬಳೆ — ಗಂಡಸಿನ ಕೈಯಳತೆಯವು. ಅದರ ಮಧ್ಯೆ ಗುಜರಿಯಿಂದ ತಂದ ಒಂದು ಆಕ್ಸಿಲರೇಟರ್ ಹಿಡಿ, ಅದಕ್ಕೂ ಕುಂಕುಮ ಹಚ್ಚಿ. ಮಾರುಕಟ್ಟೆಯ ಹೂವಾಡಗಿತ್ತಿಯ ಕೈಯಲ್ಲಿ ಕೊಟ್ಟು ಯಡಿಯೂರಿನ ನಿಮ್ಮ ಮನೆಗೆ ಕಳಿಸಿ, ಎದುರಿನ ಮೋಟುಗೋಡೆಯ ಹಿಂದೆ ನಿಂತೆವು.

ಮೆಕ್ಯಾನಿಕ್ಕನ್ನು ಮೆಚ್ಚಿ ಮದುವೆಯಾದಿರೆಂದು ನಿಮ್ಮ ಅಣ್ಣ ಬಾಗಿಲು ಮುಚ್ಚಿದ್ದರು. ಮದುವೆಯಾದಾಗಿನಿಂದ ಒಂದು ಗೌರಿಗೂ ತವರಿನ ಬಾಗಿನ ಬಂದಿರಲಿಲ್ಲ. ಅದು ನನಗೆ ಗೊತ್ತಿರಲಿಲ್ಲ ಎಂದು ಬರೆದಿದ್ದೆ. ಹೊಡೆದು ಹಾಕಿದ್ದೇನೆ. ಗೊತ್ತಿತ್ತು.

ನೀವು ಬಾಗಿಲಿಗೆ ಬಂದಿರಿ. ಮೊರ ನೋಡಿದಿರಿ.

"ನಮ್ಮಣ್ಣ ಕಳ್ಸಿದ್ನಾ?"

"ಊಂ ಕಣಮ್ಮ," ಎಂದಳು ಹೂವಾಡಗಿತ್ತಿ. ನಾವು ಹಾಗೆ ಹೇಳಿಕೊಟ್ಟಿರಲಿಲ್ಲ. ನಿಮ್ಮ ಮುಖ ನೋಡಿ ಅವಳಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲವೋ ಏನೋ. ನೀವು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಿರಿ. ಅಳುತ್ತಲೇ ಮೇಲಿನ ಮೊರ ತೆಗೆದಿರಿ. ಅಷ್ಟರಲ್ಲಿ ಸೋಮು ನಿಮ್ಮ ಹಿಂದೆ ಬಂದು ನಿಂತ. ಅವನಿಗೆ ಎಲ್ಲವೂ ಒಂದೇ ನೋಟಕ್ಕೆ ತಿಳಿಯಿತು. ಬಗ್ಗಿ ಆ ಹಿಡಿಯನ್ನು ಎತ್ತಿಕೊಂಡು, "ಇದು ಗ್ಯಾರೇಜಿಂದು, ಬಗ್ಗಿದಾಗ ನನ್ನ ಜೇಬಿಂದ ಬಿತ್ತು," ಎಂದು ಜೇಬಿಗೆ ಹಾಕಿಕೊಂಡ. ನೀವು ಬಳೆ ತೊಟ್ಟು ಕೈಯೆತ್ತಿದಿರಿ. ಅವು ಮೊಣಕೈತನಕ ಜಾರಿದವು.

"ಅಳತೆ ತಪ್ಪಿದಾನೆ ನಮ್ಮಣ್ಣ. ಪಾಪ, ಗಂಡಸು, ಅವನಿಗೇನ್ ಗೊತ್ತಾಗುತ್ತೆ," ಎಂದು ನಕ್ಕಿರಿ.

"ಹೂಂ. ಪಾಪ," ಎಂದ ಸೋಮು, ನಮ್ಮ ಗೋಡೆಯನ್ನೇ ನೋಡುತ್ತಾ.

ಗೋಡೆಯ ಹಿಂದೆ ನಾವು ಬಾಯಿಗೆ ಕರವಸ್ತ್ರ ತುರುಕಿಕೊಂಡು ನಕ್ಕೆವು. ಶೀನ ನಡುವೆ ಸುಮ್ಮನಾದ. ನಾನು ಆಗಲಿಲ್ಲ.

ಮುಂದಿನ ರೇಸಿನಲ್ಲಿ ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ಅದೇ ತಿರುವಿನಲ್ಲಿ ಮುಂದಿನ ಗಾಡಿಯವನು ಬಿದ್ದ. ಆ ಹಳೆಯ ಗಾಡಿಯಲ್ಲೂ ನಿಲ್ಲಿಸಲು ಜಾಗವಿತ್ತು, ನೋಡಿದವರೆಲ್ಲ ಹೇಳಿದ್ದಾರೆ. ಸೋಮು ಆಕ್ಸಿಲರೇಟರ್ ಬಿಡಲಿಲ್ಲ. ಬಿದ್ದವನನ್ನು ತಪ್ಪಿಸಿ ನೇರ ಡ್ರಮ್ಮಿಗೆ ಹೋದ. ಬಲಗಾಲನ್ನು ಮೊಣಕಾಲಿನ ಮೇಲಿಂದಲೇ ಕತ್ತರಿಸಿ ತೆಗೆದರು. ಅವತ್ತು ಕಟ್ಟೆಯ ಮೇಲೆ ಯಾರೋ, "ಈ ಸಲ ಬಿಡಲಿಲ್ಲ ನೋಡು," ಎಂದರು. ಮೆಚ್ಚಿಕೊಂಡು ಆಡಿದ ಮಾತು ಅದು!

ನಾನು ಆಸ್ಪತ್ರೆಗೆ ಹೋದೆ. ಹಣ್ಣು ತಗೊಂಡು ಹೋದೆ, ನಾಚಿಕೆಗೆಟ್ಟವನು. ನೀವು ನೀರು ತರಲು ಹೊರಗೆ ಹೋದಾಗ ಸೋಮು ಮೆಲ್ಲಗೆ ಕೇಳಿದ:

"ಅವತ್ತು ಬಿದ್ದಾಗ ಏಟಾಯ್ತೇನೋ ನಿಂಗೆ?"

"ಯಾವತ್ತು?" ಎಂದೆ.

ಅವನು ಹೊದಿಕೆಯನ್ನು ಮೇಲಕ್ಕೆಳೆದುಕೊಂಡ. "ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಹೋಗ್ಲಿ ಬಿಡು," ಎಂದ. ನೀವು ಬಂದಿರಿ. ಆಮೇಲೆ ಅವನು ಆ ಮಾತೆತ್ತಲೇ ಇಲ್ಲ — ಸಾಯುವತನಕ.

ಮುಂದಿನ ಗೌರಿಗೆ ನಾನು ನಿಜವಾದ ಬಾಗಿನ ತಂದೆ. ತಪ್ಪನ್ನು ತೊಳೆದುಕೊಳ್ಳಲು ಅದು ಅಗ್ಗದ ದಾರಿ. ನೀವು ನನ್ನನ್ನು ಅಣ್ಣ ಎಂದು ಕರೆದಿರಿ. ವರ್ಷ ವರ್ಷ ತಂದೆ. ಬನಶಂಕರಿ ರಸ್ತೆಯಲ್ಲಿ ಆಮೇಲೆ ಹಾಕಿಕೊಂಡ ಪಂಕ್ಚರ್ ಅಂಗಡಿಯಿಂದ ಬಂದು ಒಂಟಿಕಾಲಲ್ಲಿ ಕೂತ ಸೋಮು, ನಾನು ಮೊರ ಕೊಡುವುದನ್ನೂ ನೀವು ನನ್ನ ಕಾಲಿಗೆ ನಮಸ್ಕಾರ ಮಾಡುವುದನ್ನೂ ವರ್ಷ ವರ್ಷ ನೋಡಿದ. ಪ್ರತಿ ಸಲ ನೀವು ಅದೇ ಮಾತು ಹೇಳುತ್ತಿದ್ದಿರಿ: "ನನ್ನ ಒಡಹುಟ್ಟಿದೋನು ಒಂದೇ ವರ್ಷ ಕಳ್ಸಿದ, ಅಳತೆ ತಪ್ಪಿ. ನೀವು ಒಂದು ವರ್ಷಾನೂ ತಪ್ಸಲಿಲ್ಲ." ಆ ಬಳೆಗಳನ್ನು ದೇವರ ಪೆಟ್ಟಿಗೆಯಲ್ಲಿ ಇಟ್ಟಿದ್ದೀರಿ. ತೆಗೆದು ತೋರಿಸುತ್ತಿದ್ದಿರಿ. ನಾನು ನೋಡಿ, "ಚೆನ್ನಾಗಿವೆ," ಎನ್ನುತ್ತಿದ್ದೆ.

ಸೋಮುವಿನ ವೈಕುಂಠ ಸಮಾರಾಧನೆಯ ದಿನ, ಊಟವಾದ ಮೇಲೆ, ಮುದುಕ ಶೀನ ಕೈ ಒರೆಸಿಕೊಳ್ಳುತ್ತ ಪಕ್ಕದವರಿಗೆ ಹೇಳಿದ: "ಒಳ್ಳೇ ರೈಡರು. ಆದ್ರೆ ಆ ಒಂದು ಸಲ ಅಳಿಯನಿಗೋಸ್ಕರ ಬಿಟ್ಬಿಟ್ಟ." ನಿಮ್ಮ ಮಗ ಕೇಳಿಸಿಕೊಂಡ. ಎಲೆ ಎತ್ತುತ್ತಿದ್ದವನು ನನ್ನ ಹತ್ತಿರ ಬಂದು, "ಮಾವ, ಅದು ನಿಜಾನಾ? ಅಪ್ಪ ಹಂಗೆ ಮಾಡಿದ್ರಾ?" ಎಂದು ಕೇಳಿದ. ಅಪ್ಪನ ಬೂದಿ ಬಿಟ್ಟು ಬಂದ ಮಗ.

"ಹಳೇ ಮಾತು ಬಿಡಪ್ಪ," ಎಂದೆ.

ನಿಜವನ್ನು ನುಂಗಿದ್ದು ಇದು ಮೂರನೆಯ ಸಲ. ಅವನು ತಲೆ ತಗ್ಗಿಸಿಕೊಂಡು ಹೋದ. ಅಪ್ಪ ರೇಸನ್ನು ಮಾರಿಕೊಂಡನೆಂದೇ ನಂಬಿ ಹೋದ. ಅದನ್ನು ನೋಡಿದ ಮೇಲೆ ಇದನ್ನು ಬರೆಯಲು ಕೂತೆ.

ಸೋಮುವಿನ ಹೆಸರನ್ನು ನಿಮಗೆ ಹಿಂತಿರುಗಿಸಬೇಕಾದರೆ, ನಿಮ್ಮ ತವರಿನ ಆ ಒಂದೇ ಒಂದು ಬಾಗಿನವನ್ನು ಕಿತ್ತುಕೊಳ್ಳಬೇಕು. ಅಡ್ಡ ಬಂದದ್ದನ್ನು ಮಾತ್ರ ಹೇಳಿ ಬಾಗಿನದ ವಿಷಯ ಬಿಟ್ಟುಬಿಡೋಣವೆಂದು ನಾನು ಬಹಳ ಯೋಚಿಸಿದೆ. ನಿಮ್ಮ ಮೇಲಿನ ಕನಿಕರ ಎಂದು ಅದಕ್ಕೆ ಹೆಸರಿಟ್ಟೆ. ಆದರೆ ಆ ಕನಿಕರ ತೋರಿಸುವ ಹಕ್ಕು ಸೋಮುವಿಗಿತ್ತು, ಅವನು ತೋರಿಸಿದ. ನಾನು ತೋರಿಸಿದರೆ ಅದು ನನ್ನ ಅಣ್ಣತನವನ್ನು ಉಳಿಸಿಕೊಳ್ಳುವ ಉಪಾಯ, ಅಷ್ಟೇ.

ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ, ಎಲ್ಲರೆದುರು ಆಡಿದ ಸುಳ್ಳು ಎಲ್ಲರೆದುರೇ ತೀರಬೇಕು. ಅಚ್ಚಾಗುವ ಮೊದಲು ಬಂದು ನಿಮ್ಮ ಮುಂದೆ, ನಿಮ್ಮ ಮಗನ ಮುಂದೆ ಓದುತ್ತೇನೆ. ಶೀನನನ್ನೂ ಕರೆತರುತ್ತೇನೆ. ಈ ಸಲದ ಗೌರಿಗೆ ಮೊರ ತರುವ ಹಾಗಿಲ್ಲ, ಆ ಭಾಗ್ಯವನ್ನು ಸೋಮು ತನ್ನೊಡನೆ ತೆಗೆದುಕೊಂಡು ಹೋದ. ಬರಿಗೈಯಲ್ಲಿ ಬರುತ್ತೇನೆ. ಓದಿ ಮುಗಿಸಿದ ಮೇಲೆ ಆ ಪೆಟ್ಟಿಗೆ ತೆರೆದು ಬಳೆಗಳನ್ನು ನನ್ನ ಮುಂದೆ ಎಸೆಯಿರಿ. ನಿಮ್ಮ ಅಣ್ಣ ಅಳತೆ ತಪ್ಪಲಿಲ್ಲ, ಸಾವಿತ್ರಮ್ಮ. ಯಾರೂ ತಪ್ಪಲಿಲ್ಲ. ಬಳೆ ಅಂಗಡಿಯವನು ಯಾರ ಅಳತೆಗೆ ಎಂದು ಕೇಳಿದಾಗ, ನಗುತ್ತಾ ನನ್ನ ಕೈಯನ್ನೇ ಮುಂದೆ ಚಾಚಿದ್ದೆ.