ಯೂನಿಟ್ಟಿನ ಟೋಪಿ

ದೋಹಾದ ಅಲ್ ಮುಂತಜಾದಲ್ಲಿ ದೊಡ್ಡಪ್ಪನ ಮಗ ದಿನೇಶಣ್ಣನ ಮನೆ. ಅವರ ಎ.ಸಿ.ಗೆ ಹೆದರಿ ನಾನು ಉಣ್ಣೆಯ ಟೋಪಿ ಹಾಕಿಕೊಂಡು ಕೂತಿದ್ದಾಗ ಇಂಗ್ಲೆಂಡಿನಿಂದ ಅವರ ತಂಗಿ ಸುಮಕ್ಕನ ವಿಡಿಯೋ ಕರೆ ಬಂತು. ಅವಳ ಮಡಿಲಲ್ಲಿದ್ದ ಮಗುವಿಗೂ ಟೋಪಿ.

“ನಮಗೆ ಗ್ಯಾಸ್ ಕೊಡುವ ಕಂಪನಿ ಮುಳುಗಿತು, ಅಣ್ಣ.”

ಹಡಗಿನಲ್ಲಿ ಗ್ಯಾಸ್ ಕಳಿಸುವ ಆಫೀಸಿನಲ್ಲಿರುವ ದಿನೇಶಣ್ಣ ಬೆಚ್ಚಿಬಿದ್ದರು. “ಯಾವ ಹಡಗು?”

“ಹಡಗಲ್ಲ, ಕಂಪನಿ ದಿವಾಳಿ. ಇನ್ನು ಯಾರು ಎಷ್ಟು ಬಿಲ್ ಹಾಕ್ತಾರೋ ಅಂತ ಹೀಟರ್ ಆಫ್ ಮಾಡಿದ್ದೇನೆ.”

“ಗ್ಯಾಸ್ ನಿಲ್ಲುದಿಲ್ಲ. ನಿಮ್ಮನ್ನು ಬೇರೆ ಕಂಪನಿಗೆ ಅಲ್ಲಿಯ ಸರಕಾರದ ಕಡೆಯವರೇ ಹಾಕ್ತಾರೆ. ರೇಟಿಗೂ ಕ್ಯಾಪ್ ಉಂಟಲ್ಲ, ಅದಕ್ಕಿಂತ ಮೇಲೆ ಹಾಕುವ ಹಾಗಿಲ್ಲ.”

“ಹಾಗಾದರೆ ಎಷ್ಟು ಉರಿಸಿದರೂ ಬಿಲ್ ಅಷ್ಟೇಯಾ?”

“ಆ ಕ್ಯಾಪಿನ ಟೋಪಿ ಒಂದೊಂದು ಯೂನಿಟ್ಟಿನ ರೇಟಿಗೆ ಮಾರಾಯ್ತಿ, ಬಿಲ್ಲಿಗಲ್ಲ. ಹೆಚ್ಚು ಉರಿಸಿದರೆ ಹೆಚ್ಚು ಬರ್ತದೆ. ಮಗುವಿಗೆ ಬೇಕಾದಷ್ಟು ಉರಿಸು.”

ನಾನು ಅವರದೇ ದನಿಯಲ್ಲಿ ಸೇರಿಸಿದೆ: “ಯೂನಿಟ್ಟಿಗೊಂದು ಟೋಪಿ, ಗಿರಾಕಿಗೊಂದು ಟೋಪಿ.”

“ಮರುಭೂಮಿಯಲ್ಲಿ ನಿನಗೆಂತಕ್ಕೆ ಟೋಪಿ?” ಎಂದಳು ಸುಮಕ್ಕ.

“ಅಣ್ಣನ ಎ.ಸಿ.ಗೆ ಯಾರೂ ಕ್ಯಾಪ್ ಹಾಕಿಲ್ಲ.”

ಸುಮಕ್ಕ ನಗುತ್ತ ಎದ್ದು ಹೀಟರ್ ಹಾಕಿದಳು. ಮಾತು ಮುಗಿಯುವಷ್ಟರಲ್ಲಿ ಮಗು ತಾನೇ ಟೋಪಿ ಕಿತ್ತೆಸೆಯಿತು. ನಾನು ನನ್ನದನ್ನು ಕಿವಿ ಮುಚ್ಚುವಂತೆ ಎಳೆದುಕೊಂಡೆ.